ಹಳೆ ಫೋಟೋಗೆ ಎಐ ಬಣ್ಣ ಹಚ್ಚಿಸುವ ಮೊದಲು ಆಯಿಯ ಮಾತು ರೆಕಾರ್ಡ್ ಮಾಡಿ
ಹಳೆ ಕಪ್ಪು-ಬಿಳುಪು ಫೋಟೋಗೆ ಎಐ ಆ್ಯಪ್‌ನಲ್ಲಿ ಬಣ್ಣ ಹಚ್ಚಿಸುವ ಮೊದಲು, ಮೂಲ ಫೋಟೋವನ್ನು ಮುತ್ಯಾ, ಆಯಿ ಕೈಗೆ ಕೊಟ್ಟು ಮಾತಾಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಯಾರ್ಯಾರು ಇದ್ದಾರೆ, ಯಾವ ವರ್ಷ, ಸೀರೆ ಯಾವ ಬಣ್ಣದ್ದು, ಎಲ್ಲಾ ಕೇಳಿ. ನೆನಪು ಪೆಟ್ಟಿಗೆಯಲ್ಲಿ ಇಟ್ಟ ವಸ್ತು ಅಲ್ಲ. ನೆನೆದಾಗಲೆಲ್ಲ ಮನಸ್ಸು ಅದನ್ನು ಹೊಸದಾಗಿ ಕಟ್ಟುತ್ತದೆ, ಕಣ್ಣ ಮುಂದಿನ ಚಿತ್ರವೂ ಅದರಲ್ಲಿ ಸೇರಿಬಿಡುತ್ತದೆ. 2002ರ ಒಂದು ಪ್ರಯೋಗದಲ್ಲಿ, ಚಿಕ್ಕವರಿದ್ದಾಗ ಬಿಸಿಗಾಳಿ ಬಲೂನು ಹತ್ತಿದಂತೆ ತಿದ್ದಿದ ಫೋಟೋವನ್ನು 20 ಜನರಿಗೆ ತೋರಿಸಿದ್ದರು. ಅರ್ಧದಷ್ಟು ಜನ, ಎಂದೂ ನಡೆಯದ ಆ ಸವಾರಿಯನ್ನು ಪೂರ್ತಿಯೋ ಸ್ವಲ್ಪವೋ ನೆನಪಿಸಿಕೊಂಡರು! ಎಐ ಹಚ್ಚುವ ಬಣ್ಣವಂತೂ ಬರೀ ಊಹೆ. ಶರಣಬಸವೇಶ್ವರ ಜಾತ್ರೆಯ ಫೋಟೋದಲ್ಲಿ ಆಯಿಯ ಇಳಕಲ್ ಸೀರೆಯ ಕೆಂಪು ಸೆರಗನ್ನು ನೀಲಿ ಮಾಡಬಹುದು. ನೀರು ತಾಗಿ ಅಳಿಸಿದ ಮುಖಕ್ಕೆ ಯಾರದೋ ಮೂಗು ಕೂರಿಸಬಹುದು. ಮೊಮ್ಮಕ್ಕಳಿಗೆ ಆಮೇಲೆ ಅದೇ ಆಯಿ, ಅಲ್ವಾ? ತಿದ್ದಿದ ಪ್ರತಿಯ ಮೂಲೆಯಲ್ಲಿ 'ಎಐ ಬಣ್ಣ' ಅಂತ ಬರೆದೇ ಮನೆ ಗ್ರೂಪಿಗೆ ಹಾಕಿ. ಹಿರಿಯರು ತಿದ್ದಿದ್ದನ್ನು ಈಗಾಗಲೇ ಹತ್ತಾರು ಸಲ ನೋಡಿಬಿಟ್ಟಿದ್ದರೆ ಈ ಉಪಾಯ ಜಾಸ್ತಿ ಕೆಲಸ ಮಾಡುವುದಿಲ್ಲ. ಆಗ ಅದನ್ನಿನ್ನೂ ನೋಡದ ದೊಡ್ಡಪ್ಪನನ್ನೋ ಅತ್ತೆಯನ್ನೋ ಕೇಳಿ.