ಮೂರು ಸಾಲು ಬಿಚ್ಚಿ ಮತ್ತೆ ಹೆಣೆದೆ

ಜಪಾನಿನ ಕ್ಯೋಟೊದಲ್ಲಿ, ಹಳೆಯ ಕವಚಗಳನ್ನು ದುರಸ್ತಿ ಮಾಡುವ ಕಾರ್ಯಾಗಾರದಲ್ಲಿ ನನ್ನ ಪಾಲಿಗೆ ಮೊದಲು ಬಂದದ್ದು ಎದೊ ಕಾಲದ (1603–1868) ಒಂದು ‘ಸೊದೆ’, ಸಮುರಾಯ್ ಯೋಧರ ಭುಜಕವಚ. ನೂರಾರು ಸಣ್ಣ ಬಿಲ್ಲೆಗಳನ್ನು ಮೀನಿನ ಹುರುಪೆಯಂತೆ ಜೋಡಿಸಿದ್ದಾರೆ ಎಂದುಕೊಂಡಿದ್ದೆ. ಲೇಪ ಸಿಡಿದಿದ್ದ ಮೂಲೆಯನ್ನು ದೀಪಕ್ಕೆ ಹಿಡಿದಾಗ ಗುಟ್ಟು ರಟ್ಟಾಯಿತು. ಒಳಗಿದ್ದದ್ದು ಸಾಲಿಗೆ ಒಂದೇ ಉದ್ದನೆಯ ತೊಗಲಿನ ಹಲಗೆ! ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿ, ಮೇಲೆ ಉರುಶಿ ಲೇಪವನ್ನು ಉಬ್ಬಿಸಿ ಬಿಲ್ಲೆಗಳಂತೆ ಕಾಣಿಸಿದ್ದರು. ‘ಕಿರಿತ್ಸುಕೆ’ ಎಂಬ ಈ ಬಗೆಯನ್ನು ಅಗ್ಗದ ಕೆಲಸ ಎಂದು ಮೂಗು ಮುರಿಯುವವರಿದ್ದಾರೆ. ಕಣ್ಣನ್ನು ಇಷ್ಟು ಚೆನ್ನಾಗಿ ಮೋಸಗೊಳಿಸುವ ಕೈ ಅಗ್ಗದ್ದೆಂದು ನನಗನಿಸುವುದಿಲ್ಲ.

ಉರುಶಿ ನಮ್ಮ ಅರಗಲ್ಲ, ಮರದ ಸೊನೆ. ಆ ಮರ ಮಾವು, ಗೇರುಗಳ ಬಳಗದ್ದೇ. ಮಾವಿನ ಸೊನೆ ತುಟಿಗೆ ತಾಗಿಸಿಕೊಂಡು ಬೆಳೆದ ನಾನು ಕೈಗವಸು ಹಾಕದೆ ಕೂತೆ. ಎರಡು ದಿನದಲ್ಲಿ ಮೊಣಕೈವರೆಗೂ ಗುಳ್ಳೆ ಎದ್ದವು. ಇದು ಗಟ್ಟಿಯಾಗಲು ಬಿಸಿಲು ಬೇಡ, ತೇವ ಬೇಕು: ಸುಮಾರು 25 ಡಿಗ್ರಿ ಶಾಖ, ಶೇ. 70–80ರಷ್ಟು ತೇವಾಂಶವಿರುವ ಮರದ ಕಪಾಟು. ಬೇಗ ಮುಗಿಸುವ ಆಸೆಗೆ ದಪ್ಪಗೆ ಬಳಿದ ನನ್ನ ಮೊದಲ ಲೇಪ ಕಾಯಿಸಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತು. ಕೆರೆದು, ನುಣ್ಣನೆಯ ಜೇಡಿಪುಡಿ ಕಲಸಿದ ಉರುಶಿಯನ್ನು ತೆಳುತೆಳುವಾಗಿ ಮತ್ತೆ ಏರಿಸಿದೆ.

ಹಲಗೆಯ ಸಾಲುಗಳನ್ನು ಒಂದಕ್ಕೊಂದು ಹೆಣೆದಿದ್ದ ಹಳೆಯ ರೇಷ್ಮೆ ಪಟ್ಟಿಗಳಲ್ಲಿ ನೀಲಿಯವು ಇನ್ನೂ ಗಟ್ಟಿಯಾಗಿದ್ದವು, ಕಪ್ಪಿನವು ಮುಟ್ಟಿದರೆ ಪುಡಿ. ಕಪ್ಪು ಬಣ್ಣ ಕಟ್ಟಲು ಹಾಕುವ ಕಬ್ಬಿಣವೇ ಕಾಲಾಂತರದಲ್ಲಿ ರೇಷ್ಮೆಯನ್ನು ತಿನ್ನುತ್ತದೆ.

ಹೊಸ ಪಟ್ಟಿಯ ತುದಿಗೆ ಅಂಟು ಹಚ್ಚಿ ಸೂಜಿಯಂತೆ ಬಿರುಸಾಗಿಸಿದೆ. ಲೇಪ ತುಂಬಿಕೊಂಡಿದ್ದ ತೂತುಗಳನ್ನು ಬಿದಿರಿನ ಕಡ್ಡಿಯಿಂದ ಬಿಡಿಸಿದೆ. ಹಲಗೆ ಮರೆಯಾಗುವಷ್ಟು ಒತ್ತೊತ್ತಾಗಿ ಹೆಣೆಯುವ ಈ ಬಗೆಗೆ ‘ಕೆಬಿಕಿ’ ಎಂದು ಹೆಸರು. ಮಂಚಕ್ಕೆ ನವಾರು ಬಿಗಿದಂತೆ ಎಳೆದೆಳೆದು ಬಿಗಿದೆ. ನೋಡಲು ಚೆಂದವಾಗಿಯೇ ಇತ್ತು. ಗುರುಗಳು ಮೇಲಿನ ಹಲಗೆ ಹಿಡಿದೆತ್ತಿ ಮೇಜಿನ ಮೇಲಿಟ್ಟರು. ಸಾಲುಗಳು ಒಂದರೊಳಗೊಂದು ಸರಿದು ಕುಸಿದು ಕೂರಬೇಕಿತ್ತು. ನನ್ನದು ಬಾಗಿಲಿನಂತೆ ಸೆಟೆದು ನಿಂತಿತು. ತೋಳೆತ್ತಲು ಬಿಡದ ಕವಚ! ಅವರು ಏನೂ ಹೇಳಲಿಲ್ಲ, ಕತ್ತರಿ ಮುಂದಿಟ್ಟರು.

ಮೂರು ಸಾಲು ಬಿಚ್ಚಿದೆ. ಎರಡನೆಯ ಸಲ ಪ್ರತಿ ಕುಣಿಕೆಯ ಕೆಳಗೂ ಬಿದಿರಿನ ತೆಳು ಸೀಳೊಂದನ್ನಿಟ್ಟು ಹೆಣೆದು, ಆಮೇಲೆ ಎಳೆದು ತೆಗೆದೆ. ಆ ಸೀಳಿನಷ್ಟು ಸಡಿಲ ಸಾಕಾಯಿತು. ಕೆಳಗಿನ ಸಾಲಿನ ಕತ್ತರಿಯಾಕಾರದ (X) ಕೆಂಪು ಹೊಲಿಗೆಯನ್ನು ಮಾತ್ರ ಮುಟ್ಟಲಿಲ್ಲ. ಹಳೆಯ ಕೈಯ ಬಿಗಿ ಅಲ್ಲಿ ಇನ್ನೂ ಹಾಗೆಯೇ ಇದೆ.