‘ನೋಡಬಹುದು’ ಅಂತ ಬರೆದರೆ ಸಾಲದು: ನನ್ನ ವಿಚ್ಛೇದನದ ಅನುಭವ

ನನಗೆ ಡೈವೋರ್ಸ್ ಆಗಿದೆ ಅಂತ ಆಫೀಸಿನಲ್ಲಿ ಎಲ್ಲರಿಗೂ ಗೊತ್ತು. ಹಾಗಾಗಿ ಯಾರ ಮನೆಯಲ್ಲಿ ಏನೇ ಆದರೂ ಊಟದ ಹೊತ್ತಿಗೆ ಒಬ್ಬರು ನನ್ನ ಪಕ್ಕ ಬಂದು ಕೂರುತ್ತಾರೆ. ತಮ್ಮದೇ ವಿಷಯ ಅಂತ ಯಾರೂ ಹೇಳುವುದಿಲ್ಲ, "ನಮ್ಮಕ್ಕನ ಫ್ರೆಂಡ್ ಒಬ್ಬರಿದ್ದಾರೆ ಮೇಡಂ" ಅಂತ ಶುರು ಮಾಡುತ್ತಾರೆ. ಪ್ರಶ್ನೆಗಳು ಮಾತ್ರ ಯಾವಾಗಲೂ ಅವೇ. ಎಷ್ಟು ದಿನ ಆಗುತ್ತೆ? ಮಗು ಯಾರಿಗೆ? ಆಮೇಲೆ ದನಿ ತಗ್ಗಿಸಿ, ಎಷ್ಟು ಕೊಟ್ಟರು?

ನಾನು ವಕೀಲೆ ಅಲ್ಲ. ನಮ್ಮ ಕೇಸ್ ಹೇಗೆ ನಡೆಯಿತು ಅನ್ನೋದನ್ನಷ್ಟೇ ಹೇಳಬಲ್ಲೆ. ನಮ್ಮದು 1955ರ ಹಿಂದೂ ವಿವಾಹ ಕಾಯ್ದೆಯಡಿ ಬರುವ ಮದುವೆ. ಬೇರೆ ಧರ್ಮದವರಿಗೆ, ವಿಶೇಷ ವಿವಾಹ ಕಾಯ್ದೆಯಡಿ ರಿಜಿಸ್ಟರ್ ಮದುವೆ ಆದವರಿಗೆ ಸೆಕ್ಷನ್‌ಗಳು ಬೇರೆ.

ಮದುವೆ ಹಾಸನದಲ್ಲಿ, ಸಂಸಾರ ಬೆಂಗಳೂರಿನಲ್ಲಿ. ಬೇರೆಯಾದ ಮೇಲೆ ಮಗಳನ್ನು ಕರೆದುಕೊಂಡು ಅಮ್ಮನ ಮನೆಗೆ ಬಂದೆ, ಅದೂ ಬೆಂಗಳೂರೇ. ಕೇಸ್ ಎಲ್ಲಿ ಹಾಕಬೇಕು ಅಂತ ತುಂಬಾ ಜನ ಕೇಳುತ್ತಾರೆ. ಮದುವೆ ನಡೆದ ಊರು, ಕೊನೆಗೆ ಒಟ್ಟಿಗಿದ್ದ ಊರು, ಎದುರು ಪಾರ್ಟಿ ಇರುವ ಊರು, ಇವುಗಳಲ್ಲಿ ಎಲ್ಲಾದರೂ ಹಾಕಬಹುದು. 2003ರ ತಿದ್ದುಪಡಿ ಆದ ಮೇಲೆ ಹೆಂಡತಿ ತಾನು ಈಗ ವಾಸವಿರುವ ಊರಿನಲ್ಲೂ ಹಾಕಬಹುದು. ತವರಿಗೆ ಬಂದುಬಿಟ್ಟವರಿಗೆ ಇದು ದೊಡ್ಡ ಅನುಕೂಲ.

ಪರಸ್ಪರ ಒಪ್ಪಿಗೆಯಿಂದ ಮುಗಿಸೋಣ ಅಂದರೆ ನನ್ನ ಗಂಡ ಆಗ ತಯಾರಿರಲಿಲ್ಲ. ಹಾಗಾಗಿ ಸೆಕ್ಷನ್ 13ರಡಿ, ಕ್ರೌರ್ಯದ ಆಧಾರದ ಮೇಲೆ ಅರ್ಜಿ ಹಾಕಿದೆವು. "ಸಂಸಾರ ಮುರಿದುಬಿದ್ದಿದೆ, ಇನ್ನು ಸರಿಹೋಗಲ್ಲ ಅಂತ ಬರೆದರೆ ಸಾಲದಾ?" ಅಂತ ನಾನು ವಕೀಲರನ್ನು ಕೇಳಿದ್ದೆ. ಸಾಲದು. ಅದೊಂದೇ ಕಾರಣಕ್ಕೆ ಡೈವೋರ್ಸ್ ಕೊಡುವ ಅಧಿಕಾರ ಫ್ಯಾಮಿಲಿ ಕೋರ್ಟಿಗಿಲ್ಲ. ಸುಪ್ರೀಂ ಕೋರ್ಟ್ ಮಾತ್ರ ಸಂವಿಧಾನದ 142ನೇ ವಿಧಿ ಬಳಸಿ ಹಾಗೆ ಕೊಡಬಹುದು. 2023ರಲ್ಲಿ ಸಂವಿಧಾನ ಪೀಠವೇ ಇದನ್ನು ಸ್ಪಷ್ಟ ಮಾಡಿತು. ಕೆಳಗಿನ ಕೋರ್ಟಿನಲ್ಲಿ ಕ್ರೌರ್ಯ, ಎರಡು ವರ್ಷ ಬಿಟ್ಟುಹೋಗಿರುವುದು, ವ್ಯಭಿಚಾರ ಇಂಥ ಯಾವುದಾದರೂ ಒಂದನ್ನು ಹೇಳಿ, ಸಾಬೀತು ಮಾಡಬೇಕು. ಅಂದರೆ ಸಾಕ್ಷಿ, ಪಾಟೀಸವಾಲು, ವಾಯಿದೆ ಮೇಲೆ ವಾಯಿದೆ. ನಮ್ಮ ಅರ್ಜಿಯ ಕರಡನ್ನು ಓದಿದಾಗ ಹತ್ತು ವರ್ಷದ ಸಂಸಾರದಲ್ಲಿ ಒಂದು ದಿನವೂ ನಕ್ಕೇ ಇಲ್ಲವೇನೋ ಅನ್ನಿಸುವ ಹಾಗಿತ್ತು. ಅವರ ಆಕ್ಷೇಪಣೆ ಬಂದಾಗ ಅದೂ ಹಾಗೇ ಇತ್ತು.

ಫ್ಯಾಮಿಲಿ ಕೋರ್ಟಿನಲ್ಲಿ ರಾಜಿಗೆ ಪ್ರಯತ್ನ ಮಾಡಿಸುವುದು ಜಡ್ಜ್ ಅವರ ಕರ್ತವ್ಯ, 1984ರ ಕಾಯ್ದೆಯಲ್ಲೇ ಹಾಗಿದೆ. ನಮ್ಮನ್ನು ಬೆಂಗಳೂರು ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಿದರು. ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಕೋರ್ಟೂ ಇದೆ, ಈ ಕೇಂದ್ರವೂ ಇದೆ. ಮೀಡಿಯೇಷನ್ ಅಂದ ತಕ್ಷಣ ನಮ್ಮ ಚಿಕ್ಕಪ್ಪ "ಅಲ್ಲಿ ಹೋದರೆ ಹೊಂದಿಕೊಂಡು ಹೋಗು ಅಂತ ಬುದ್ಧಿ ಹೇಳಿ ಕಳಿಸ್ತಾರೆ ಅಷ್ಟೇ" ಅಂದಿದ್ದರು. ನನಗೂ ಅದೇ ಭಯ. ಆದರೆ ಮೀಡಿಯೇಟರ್ ಮೇಡಂ ಮೊದಲ ದಿನವೇ ಕೇಳಿದ್ದು, "ಒಟ್ಟಿಗಿರೋಕೆ ಮಾತಾಡೋಣವಾ, ಬೇರೆಯಾಗೋಕೆ ಮಾತಾಡೋಣವಾ?" ಅವರು ತೀರ್ಪು ಕೊಡುವವರಲ್ಲ. ಅಲ್ಲಿ ಆಡಿದ ಮಾತು ಕೋರ್ಟಿನಲ್ಲಿ ಸಾಕ್ಷಿಯೂ ಆಗುವುದಿಲ್ಲ. ಇಷ್ಟು ಗೊತ್ತಾದ ಮೇಲೆ ಇಬ್ಬರೂ ಸ್ವಲ್ಪ ಬಾಯಿಬಿಟ್ಟು ಮಾತಾಡಿದೆವು.

ಅಲ್ಲಿಂದ ಮುಂದೆ ಡೈವೋರ್ಸ್ ಬಗ್ಗೆ ಜಗಳವೇ ಆಗಲಿಲ್ಲ. ಸಮಯ ಹೋಗಿದ್ದೆಲ್ಲ ಒಪ್ಪಂದದ ಮೆಮೋ ಬರೆಯೋದಕ್ಕೆ. ನನ್ನನ್ನು ಕೇಳಿದರೆ, ವಕೀಲರಿಗೆ ಕೊಟ್ಟ ಫೀಸು ಪೂರ್ತಿ ವಸೂಲಾಗಿದ್ದು ಅಲ್ಲೇ.

ಮೊದಲ ಕರಡಿನಲ್ಲಿ ಮಗಳ ಬಗ್ಗೆ ಇದ್ದದ್ದು ಎರಡೇ ಸಾಲು. ಮಗು ತಾಯಿಯ ವಶದಲ್ಲಿರತಕ್ಕದ್ದು, ತಂದೆ ಅನುಕೂಲವಾದಾಗ ಮಗುವನ್ನು ನೋಡಬಹುದು. ಮೀಡಿಯೇಟರ್ ಎರಡನೇ ಸಾಲನ್ನು ಪೆನ್ನಿನಲ್ಲಿ ಹೊಡೆದುಹಾಕಿದರು. "ಯಾರ ಅನುಕೂಲ? ಎಲ್ಲಿ? ಯಾರು ಕರ್ಕೊಂಡು ಬರ್ತಾರೆ? ಆವತ್ತು ಮಗುಗೆ ಜ್ವರ ಇದ್ದರೆ? ಇದನ್ನೆಲ್ಲ ಇವತ್ತು ಬರೀರಿ, ಈಗ ಇಬ್ಬರೂ ಮಾತಾಡೋ ಸ್ಥಿತಿಯಲ್ಲಿದ್ದೀರಿ" ಅಂದರು.

ಸರಿ, ಬರೆಯುತ್ತಾ ಹೋದೆವು. ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ 10ಕ್ಕೆ ಅವರು ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಬಂದು ಕರೆದುಕೊಂಡು ಹೋಗುವುದು, ಭಾನುವಾರ ಸಂಜೆ 6ಕ್ಕೆ ಅಲ್ಲಿಗೇ ತಂದುಬಿಡುವುದು. ಬುಧವಾರ ರಾತ್ರಿ ವಿಡಿಯೋ ಕಾಲ್. ದಸರಾ ರಜೆಯನ್ನು ಎರಡು ಭಾಗ ಮಾಡಿ, ಯಾರಿಗೆ ಮೊದಲ ಭಾಗ ಅನ್ನೋದು ವರ್ಷ ಬಿಟ್ಟು ವರ್ಷ ಬದಲು. ಬೇಸಿಗೆಯಲ್ಲಿ ಒಂದಿಷ್ಟು ವಾರ ಹಾಸನದ ಅಜ್ಜಿ ತಾತನ ಮನೆ. ಗೌರಿ ಹಬ್ಬ ನನ್ನ ಜೊತೆ, ದೀಪಾವಳಿ ಸರದಿ ಪ್ರಕಾರ. ಹುಷಾರಿಲ್ಲದೆ ಒಂದು ವಾರ ತಪ್ಪಿದರೆ ಮುಂದಿನ ವಾರ ಕೊಡಬೇಕು. ಸ್ಕೂಲಿನ ಪೇರೆಂಟ್ಸ್ ಮೀಟಿಂಗಿಗೆ ಇಬ್ಬರೂ ಹೋಗಬಹುದು, ಮಾರ್ಕ್ಸ್ ಕಾರ್ಡ್ ಇಬ್ಬರಿಗೂ ಕೊಡಬೇಕು. ಸ್ಕೂಲು ಬದಲಾಯಿಸುವ ಮುಂಚೆ ಇನ್ನೊಬ್ಬರಿಗೆ ಬರಹದಲ್ಲಿ ತಿಳಿಸಬೇಕು. ಪಾಸ್‌ಪೋರ್ಟ್ ಅರ್ಜಿಗೆ ಇಬ್ಬರೂ ಸಹಿ ಹಾಕಿಕೊಡಬೇಕು, ಪಾಸ್‌ಪೋರ್ಟ್ ನನ್ನ ಹತ್ತಿರ ಇರುತ್ತದೆ, ವಿದೇಶಕ್ಕೆ ಕರೆದೊಯ್ಯುವ ಮುಂಚೆ ಲಿಖಿತ ಒಪ್ಪಿಗೆ ಬೇಕು. ಓದಿದರೆ ಸ್ವಲ್ಪ ಅತಿ ಅನ್ನಿಸುತ್ತೆ ಅಲ್ವಾ? ಅತಿಯೇ. ಆದರೆ ಆಮೇಲೆ ಒಂದು ದಿನವೂ "ನೀನು ಹಾಗಂದಿದ್ದೆ, ನಾನು ಹೀಗಂದಿದ್ದೆ" ಅನ್ನೋ ಮಾತು ಬರಲಿಲ್ಲ.

"ಮಗು ಯಾರಿಗೆ" ಅಂತ ಕೇಳುವವರಿಗೆ ಇಷ್ಟು ಹೇಳುತ್ತೇನೆ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಅಂತ 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವದ ಕಾಯ್ದೆಯಲ್ಲಿದೆ. ಐದಾದ ತಕ್ಷಣ ಮಗು ತಾನಾಗಿ ಅಪ್ಪನ ಕಡೆ ಹೋಗುತ್ತೆ ಅಂತ ಇದರರ್ಥ ಅಲ್ಲ. ಹೆಣ್ಣುಮಗು ಅಮ್ಮನಿಗೆ, ಗಂಡುಮಗು ಅಪ್ಪನಿಗೆ ಅನ್ನುವ ಕಾನೂನೂ ಇಲ್ಲ, ಅದು ಮದುವೆ ಮನೆಯ ಹರಟೆ. ಕೋರ್ಟ್ ನೋಡುವುದು ಮಗುವಿನ ಹಿತ. ಸ್ವಲ್ಪ ದೊಡ್ಡ ಮಗುವಾದರೆ ಜಡ್ಜ್ ತಮ್ಮ ಚೇಂಬರಿನಲ್ಲಿ ಕರೆದು ಮಾತಾಡಿಸುವುದೂ ಉಂಟು. ಸಂಬಳ ಜಾಸ್ತಿ ಇರುವವರಿಗೇ ಮಗು ಅನ್ನೋದು ಸುಳ್ಳು. ಸಂಬಳ ಕಡಿಮೆ ಇದ್ದರೆ ಅದಕ್ಕೇ ಜೀವನಾಂಶ ಇರುವುದು.

ಇನ್ನು ದುಡ್ಡಿನ ವಿಷಯ. "ಗಂಡನ ಸಂಬಳದಲ್ಲಿ ಕಾಲು ಭಾಗ ಬರುತ್ತಂತೆ" ಅಂತ ಎಲ್ಲರೂ ಕೇಳಿಕೊಂಡೇ ಬಂದಿರುತ್ತಾರೆ. 2017ರ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕೈಗೆ ಬರುವ ಸಂಬಳದ ಶೇಕಡಾ 25 ನ್ಯಾಯವಾದ ಮೊತ್ತ ಅಂದದ್ದು ನಿಜ. ಅದನ್ನೇ ಎಲ್ಲ ಕೇಸಿಗೂ ಅಳತೆಗೋಲು ಮಾಡಿಕೊಂಡರೆ ಆಗುವುದಿಲ್ಲ. ಇಬ್ಬರ ಆದಾಯ, ಸಾಲ, ಜವಾಬ್ದಾರಿ, ಮೊದಲು ಬದುಕುತ್ತಿದ್ದ ರೀತಿ ಎಲ್ಲವನ್ನೂ ನೋಡುತ್ತಾರೆ. ಹೆಂಡತಿ ಕೆಲಸದಲ್ಲಿದ್ದಾಳೆ ಅನ್ನೋ ಒಂದೇ ಕಾರಣಕ್ಕೆ ಇಲ್ಲ ಅನ್ನುವುದಿಲ್ಲ, ಕೇಳಿದಷ್ಟೂ ಕೊಡುವುದಿಲ್ಲ.

2020ರ ನವೆಂಬರಿನಲ್ಲಿ ರಜನೀಶ್ ವಿರುದ್ಧ ನೇಹಾ ಅನ್ನುವ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಂದು ಒಳ್ಳೆ ಕೆಲಸ ಮಾಡಿತು. ಜೀವನಾಂಶದ ಕೇಸಿನಲ್ಲಿ ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಖರ್ಚು, ಸಾಲದ ಅಫಿಡವಿಟ್ ಕೊಡಬೇಕು. ನಾನು ಮಗಳಿಗಾಗಿ ಮಧ್ಯಂತರ ಜೀವನಾಂಶ, ಅಂದರೆ ಕೇಸ್ ಮುಗಿಯುವವರೆಗಿನ ಜೀವನಾಂಶ ಕೇಳಿದ್ದರಿಂದ ನಾವೂ ಕೊಟ್ಟೆವು. ಆ ಫಾರಂ ತುಂಬಿಸುವುದಿದೆಯಲ್ಲ, ಅದು ದೊಡ್ಡ ತಲೆನೋವು. ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಎಫ್‌ಡಿ, ಚಿನ್ನ, ಗಾಡಿ, ಇಎಂಐ, ತಿಂಗಳ ದಿನಸಿಯಿಂದ ಹಿಡಿದು ಔಷಧಿವರೆಗೆ ಎಲ್ಲ ಬರೆಯಬೇಕು. ಸುಳ್ಳು ಬರೆದರೆ ಅದೇ ಒಂದು ಅಪರಾಧ. ಆದರೆ ಎರಡೂ ಅಫಿಡವಿಟ್ ಮೇಜಿನ ಮೇಲೆ ಬಂದ ಮೇಲೆ ಇಬ್ಬರ ದನಿಯೂ ಇಳಿಯಿತು. ಅವರ ಹತ್ತಿರ ಎಷ್ಟೋ ಇದೆ ಅಂತ ನಮ್ಮ ಮನೆಯವರು ಅಂದುಕೊಂಡಿದ್ದರು, ಅಷ್ಟಿರಲಿಲ್ಲ. ನನ್ನ ಸಂಬಳದಲ್ಲಿ ಮಗಳನ್ನು ಆರಾಮಾಗಿ ಸಾಕಬಹುದು ಅಂತ ಅವರ ಮನೆಯವರು ಅಂದುಕೊಂಡಿದ್ದರು, ಅದೂ ಹಾಗಿರಲಿಲ್ಲ.

ಕೊನೆಗೆ ನಮಗೆ ಅಂತ ಒಬ್ಬರಿಗೊಬ್ಬರು ಏನೂ ಬೇಡ ಅಂದುಕೊಂಡೆವು. ಮಗಳದ್ದು ಮಾತ್ರ ಬೇರೆ. ಮಗುವಿನ ಜೀವನಾಂಶದ ಹಕ್ಕು ಮಗುವಿನದು, "ನನಗೇನೂ ಬೇಡ, ಬಿಟ್ಟರೆ ಸಾಕು" ಅಂತ ಅಮ್ಮ ಅದನ್ನು ಬಿಟ್ಟುಕೊಡಲು ಬರುವುದಿಲ್ಲ. ಸ್ಕೂಲ್ ಫೀಸನ್ನು ಅವರು ನೇರವಾಗಿ ಸ್ಕೂಲಿಗೇ ಕಟ್ಟುವುದು, ಅದರ ಮೇಲೆ ತಿಂಗಳಿಗೆ ಇಷ್ಟು ಅಂತ 5ನೇ ತಾರೀಖಿನೊಳಗೆ ನನ್ನ ಖಾತೆಗೆ ಹಾಕುವುದು, ಪ್ರತಿ ಜೂನ್‌ನಲ್ಲಿ ಅದು ಶೇಕಡಾ 8ರಷ್ಟು ಏರುವುದು ಅಂತ ಬರೆದೆವು. ಏರಿಕೆಯ ಈ ಸಾಲನ್ನು ಬಿಡಲೇಬೇಡಿ. ಇಲ್ಲದಿದ್ದರೆ ನಾಲ್ಕು ವರ್ಷ ಆದಮೇಲೆ ಮೊತ್ತ ಹೆಚ್ಚಿಸಿ ಅಂತ ಮತ್ತೆ ಅರ್ಜಿ ಹಿಡಿದು ಓಡಾಡಬೇಕು. ಕಾಲೇಜಿನ ಫೀಸು ಅರ್ಧರ್ಧ. ಅವರ ಕಂಪನಿಯ ಆರೋಗ್ಯ ವಿಮೆಯಲ್ಲಿ ಮಗಳ ಹೆಸರು ಮುಂದುವರಿಯಬೇಕು.

ಫ್ಲಾಟ್ ಇಬ್ಬರ ಹೆಸರಿನಲ್ಲಿತ್ತು, ಸಾಲವೂ ಇಬ್ಬರ ಹೆಸರಿನಲ್ಲಿ. ನಾವು ಮೆಮೋದಲ್ಲಿ ಏನೇ ಬರೆದುಕೊಂಡರೂ ಬ್ಯಾಂಕಿಗೆ ಅದು ಲೆಕ್ಕಕ್ಕಿಲ್ಲ. ಕಂತು ನಿಂತರೆ ಇಬ್ಬರನ್ನೂ ಹಿಡಿಯುತ್ತಾರೆ. ಅವರು ಸಾಲವನ್ನು ತಮ್ಮೊಬ್ಬರ ಹೆಸರಿಗೆ ಮಾಡಿಸಿಕೊಂಡು, ನಾನು ಕಟ್ಟಿದ್ದರ ಪಾಲು ಕೊಟ್ಟ ಮೇಲೆ ನಾನು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದೆ. ಇದನ್ನು ಡಿಕ್ರಿ, ಅಂದರೆ ಡೈವೋರ್ಸ್ ಕೊಡುವ ಕೋರ್ಟಿನ ಅಂತಿಮ ಆದೇಶ ಆಗುವ ಮುಂಚೆಯೇ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮುಗಿಸಿಕೊಳ್ಳಿ ಅಂತ ವಕೀಲರು ಹೇಳಿದರು. ಗಂಡ ಹೆಂಡತಿ ಆಗಿರುವಾಗ ಕುಟುಂಬದವರಿಗೆ ಸಿಗುವ ಮುದ್ರಾಂಕ ಶುಲ್ಕದ ರಿಯಾಯಿತಿ ಇರುತ್ತೆ, ಡಿಕ್ರಿ ಆದಮೇಲೆ ಕುಟುಂಬವೇ ಅಲ್ಲವಲ್ಲ.

ಒಡವೆಯನ್ನು ಗ್ರಾಂ ಲೆಕ್ಕದಲ್ಲಿ ಪಟ್ಟಿ ಮಾಡಿ, ಕೊಟ್ಟು ತೆಗೆದುಕೊಂಡದ್ದಕ್ಕೆ ಇಬ್ಬರೂ ಸಹಿ ಹಾಕಿದೆವು. ತವರಿನಿಂದ ಕೊಟ್ಟದ್ದು, ಮದುವೆಯಲ್ಲಿ ಗಂಡನ ಮನೆಯವರು ಹಾಕಿದ್ದು ಎರಡೂ ಸ್ತ್ರೀಧನವೇ, ಅಂದರೆ ಹೆಂಡತಿಯ ಸ್ವಂತ ಸ್ವತ್ತು. ಚಿನ್ನದ ಮಾತು ಬೇಗ ಮುಗಿಯಿತು. ಜಾಸ್ತಿ ಎಳೆದಾಡಿದ್ದು ಅಮ್ಮ ಕೊಟ್ಟ ಹಿತ್ತಾಳೆ ಕೊಳಗದ ಬಗ್ಗೆ. ಅದು ಈಗ ನಮ್ಮ ಅಟ್ಟದ ಮೇಲಿದೆ, ಯಾರೂ ಬಳಸುವುದಿಲ್ಲ.

ಮೆಮೋ ಸಿದ್ಧವಾದ ಮೇಲೆ ಹಳೇ ಅರ್ಜಿಯನ್ನೇ ಸೆಕ್ಷನ್ 13ಬಿಗೆ, ಅಂದರೆ ಪರಸ್ಪರ ಒಪ್ಪಿಗೆಗೆ ಬದಲಾಯಿಸಿದರು. ಆಪಾದನೆಗಳನ್ನೆಲ್ಲ ಇಬ್ಬರೂ ವಾಪಸ್ ತೆಗೆದುಕೊಂಡೆವು. ಈ ಸೆಕ್ಷನ್‌ಗೆ ಒಂದು ವರ್ಷವಾದರೂ ಬೇರೆ ಬೇರೆ ಇದ್ದಿರಬೇಕು. ಅರ್ಜಿ ಕೊಟ್ಟ ಮೇಲೆ ಆರು ತಿಂಗಳು ಕಾಯಬೇಕು, ಹದಿನೆಂಟು ತಿಂಗಳೊಳಗೆ ಇಬ್ಬರೂ ಮತ್ತೆ ಬಂದು ಒಪ್ಪಿಗೆ ಹೇಳಬೇಕು. 2017ರಲ್ಲಿ ಅಮರದೀಪ್ ಸಿಂಗ್ ಕೇಸಿನ ತೀರ್ಪು ಬಂದಮೇಲೆ ಈ ಆರು ತಿಂಗಳನ್ನು ಕೋರ್ಟ್ ಮನ್ನಾ ಮಾಡಬಹುದು. ಅದಕ್ಕೆ ಅರ್ಜಿ ಕೊಡುವ ಹೊತ್ತಿಗೇ ಒಂದೂವರೆ ವರ್ಷ ಬೇರೆ ಇದ್ದಿರಬೇಕು, ರಾಜಿ ಪ್ರಯತ್ನ ವಿಫಲವಾಗಿರಬೇಕು, ಮಗು ಮತ್ತು ದುಡ್ಡಿನ ವಿಷಯ ನಿಜವಾಗಿಯೂ ಬಗೆಹರಿದಿರಬೇಕು. ನಮ್ಮದು ಅಷ್ಟೂ ಇತ್ತು, ಅರ್ಜಿ ಹಾಕಿದೆವು, ಮನ್ನಾ ಆಯಿತು. ಎಲ್ಲರಿಗೂ ಆಗುತ್ತೆ ಅಂತ ಹೇಳಲಾರೆ.

ಮನ್ನಾ ಆಗದಿದ್ದರೆ ಆ ಆರು ತಿಂಗಳಲ್ಲಿ ಹುಷಾರಾಗಿರಬೇಕು. ಡಿಕ್ರಿ ಆಗುವವರೆಗೆ ಯಾರು ಬೇಕಾದರೂ ಒಪ್ಪಿಗೆ ವಾಪಸ್ ತೆಗೆದುಕೊಳ್ಳಬಹುದು. ಅದಕ್ಕೇ ದೊಡ್ಡ ಮೊತ್ತ ಇದ್ದರೆ ಅರ್ಧ ಮೊದಲ ಹಾಜರಿಯಲ್ಲಿ, ಉಳಿದದ್ದು ಕೊನೆಯ ದಿನ ಜಡ್ಜ್ ಮುಂದೆಯೇ ಡಿಡಿ ರೂಪದಲ್ಲಿ ಅಂತ ಬರೆಸುವುದು ರೂಢಿ. ಕೊನೆಯ ದಿನ ಜಡ್ಜ್ ಕೇಳಿದ್ದು ಸ್ವಲ್ಪವೇ. ಯಾರದ್ದಾದರೂ ಒತ್ತಡ ಇದೆಯಾ, ಮೆಮೋ ಓದಿಕೊಂಡಿದ್ದೀರಾ. ಇಲ್ಲ ಅಂದೆ, ಹೌದು ಅಂದೆ.

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಸುಮ್ನೆ ಕೂತವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಬಹುದು. ಹೆಂಗಸರಿಗೆ ಮತ್ತು ಮಕ್ಕಳಿಗೆ ಅಲ್ಲಿ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರನ್ನು ಕೊಡುತ್ತಾರೆ. ಡೈವೋರ್ಸ್ ಬೇಡ, ಜೀವನಾಂಶ ಮಾತ್ರ ಬೇಕು ಅನ್ನುವವರಿಗೂ ದಾರಿ ಇದೆ. ಮೊದಲು ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಸೆಕ್ಷನ್ 125 ಅನ್ನುತ್ತಿದ್ದರು, 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 144.

ಡಿಕ್ರಿಯ ದೃಢೀಕೃತ ಪ್ರತಿಯನ್ನು ಒಂದಕ್ಕಿಂತ ಜಾಸ್ತಿ ತೆಗೆದಿಟ್ಟುಕೊಳ್ಳಿ. ಪಾಸ್‌ಪೋರ್ಟ್, ಬ್ಯಾಂಕು, ಎಲ್ಲ ಕಡೆ ಕೇಳುತ್ತಾರೆ. ಪಿಎಫ್ ಮತ್ತು ವಿಮೆಯ ನಾಮಿನಿ ತಾನಾಗಿ ಬದಲಾಗುವುದಿಲ್ಲ, ನಾವೇ ಬದಲಾಯಿಸಬೇಕು.

ಒಮ್ಮೆ ಎರಡು ತಿಂಗಳು ದುಡ್ಡು ಬರಲಿಲ್ಲ. ಅವರು ಕೆಲಸ ಬದಲಾಯಿಸಿದ್ದರು. "ಈ ಶನಿವಾರ ಮಗೂನ ಕಳಿಸಬೇಡ, ಬುದ್ಧಿ ಬರುತ್ತೆ" ಅಂದಳು ಅಮ್ಮ. ಕಳಿಸಿದೆ. ದುಡ್ಡು ಮತ್ತು ಭೇಟಿ ಎರಡೂ ಬೇರೆ ಬೇರೆ ಷರತ್ತು, ಒಂದು ತಪ್ಪಿತು ಅಂತ ಇನ್ನೊಂದನ್ನು ನಾವು ತಪ್ಪಿಸಿದರೆ ಕೋರ್ಟಿನಲ್ಲಿ ನಾವೂ ತಪ್ಪಿತಸ್ಥರೇ. ಅದಕ್ಕಿಂತ ಹೆಚ್ಚಾಗಿ, ಆ ಬಾಕಿಗೂ ಮಗಳಿಗೂ ಏನು ಸಂಬಂಧ? ವಕೀಲರಿಂದ ಮೆಮೋದ ಆ ಷರತ್ತಿನ ನಂಬರ್ ಹಾಕಿ ಒಂದು ಪತ್ರ ಬರೆಸಿದೆ, ಬಾಕಿ ಬಂತು. ಬರದಿದ್ದರೆ ಅದೇ ಕೋರ್ಟಿನಲ್ಲಿ ಜಾರಿ ಅರ್ಜಿ ಹಾಕುವುದಿತ್ತು.

ಮಗಳು ಈಗ ಶನಿವಾರ ಭರತನಾಟ್ಯದ ಕ್ಲಾಸಿಗೆ ಹೋಗುತ್ತಾಳೆ, 10 ಗಂಟೆಯ ಷರತ್ತು ಕೆಲಸಕ್ಕೆ ಬರುತ್ತಿಲ್ಲ. ಇಬ್ಬರೂ ಬರಹದಲ್ಲಿ ಒಪ್ಪಿದರೆ ಸಮಯ ಬದಲಾಯಿಸಿಕೊಳ್ಳಬಹುದು ಅಂತ ಮೆಮೋದಲ್ಲೇ ಇತ್ತು, ಹಾಗಾಗಿ ಒಂದು ಇಮೇಲ್ ಹಾಕಿದೆ, ಅವರು "ಸರಿ, ಕ್ಲಾಸಿನಿಂದಲೇ ಕರ್ಕೊಂಡು ಹೋಗ್ತೀನಿ" ಅಂತ ಉತ್ತರ ಕೊಟ್ಟರು. ಊರು ಬಿಟ್ಟು ಊರಿಗೆ ಹೋಗುವಂಥ ದೊಡ್ಡ ಬದಲಾವಣೆ ಆಗಿದ್ದರೆ ಇಮೇಲ್ ಸಾಲುತ್ತಿರಲಿಲ್ಲ, ಆದೇಶ ಮಾರ್ಪಾಡು ಮಾಡಿ ಅಂತ ಕೋರ್ಟಿಗೇ ಹೋಗಬೇಕಿತ್ತು.