ಆಫ್ರಿಕಾ ಇತಿಹಾಸದ ಆಡಿಯೋಬುಕ್: ಕೊಳ್ಳುವ ಮೊದಲು
ಮೊದಲು ಸ್ಯಾಂಪಲ್ ಕೇಳಿ. ಸುಂಡಿಯಾಟಾ (ಮಾಲಿ ಸಾಮ್ರಾಜ್ಯ ಕಟ್ಟಿದ ದೊರೆ), ಸೊಂಘಾಯ್ (ಪಶ್ಚಿಮ ಆಫ್ರಿಕಾದ ಹಳೆಯ ಸಾಮ್ರಾಜ್ಯ) ಅನ್ನುವಲ್ಲೇ ತಡವರಿಸುವ ದನಿಯ ಜೊತೆ ಇಪ್ಪತ್ತು ಗಂಟೆ ಕಳೆಯೋದು ಕಷ್ಟ. ಅಧ್ಯಾಯಗಳ ಪಟ್ಟಿಯನ್ನೂ ನೋಡಿ: ಆಫ್ರಿಕಾವನ್ನು ಹಂಚಿಕೊಳ್ಳಲು ಯುರೋಪಿನ ದೇಶಗಳು ನಿಯಮ ಮಾಡಿಕೊಂಡ 1884–85ರ ಬರ್ಲಿನ್ ಸಮಾವೇಶದಿಂದಲೇ ಶುರುವಾದರೆ ಅದರಲ್ಲಿ ಯುರೋಪಿನ ಕಥೆಯೇ ಹೆಚ್ಚು. ಅಕ್ಸುಮ್, ಮಾಲಿ, ಗ್ರೇಟ್ ಜಿಂಬಾಬ್ವೆಯಂಥ ಹಳೆಯ ಆಫ್ರಿಕನ್ ರಾಜ್ಯಗಳಿಗೆ ಒಂದೊಂದು ಅಧ್ಯಾಯವಾದರೂ ಇರಬೇಕು.

ರಾಜವಂಶಗಳ ಭಾಗವನ್ನು ಸಾಮಾನ್ಯ ವೇಗದಲ್ಲೇ ಕೇಳಿ, 1.5 ಪಟ್ಟು ವೇಗಕ್ಕೆ ಏರಿಸಿದರೆ ಹೆಸರು, ಇಸವಿ ಎಲ್ಲ ಕಲಸುಮೇಲೋಗರ. ನಕ್ಷೆಗಳ ಪಿಡಿಎಫ್ ಕೊಟ್ಟಿದ್ದರೆ ಇಳಿಸಿಕೊಳ್ಳಿ. ಇಲ್ಲದಿದ್ದರೆ ಹಳೆಯ ಘಾನಾ ಸಾಮ್ರಾಜ್ಯವನ್ನು ಇವತ್ತಿನ ಘಾನಾದಲ್ಲಿ ಹುಡುಕುತ್ತೀರಿ. ಅದು ಇದ್ದದ್ದು ಈಗಿನ ಮಾರಿಟೇನಿಯಾ, ಮಾಲಿ ಕಡೆ.

ಸುಂಡಿಯಾಟಾ ಮಹಾಕಾವ್ಯವನ್ನು ಮಾತ್ರ ಓದುವುದಕ್ಕಿಂತ ಕೇಳುವುದೇ ಚೆಂದ. ಗ್ರಿಯೊ ಅನ್ನುವ ಪಶ್ಚಿಮ ಆಫ್ರಿಕಾದ ಕಥೆಗಾರ ಗಾಯಕರು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದದ್ದು ಅದು.